ಬೇಡ ಅಂದದ್ದು ಮಾತ್ರ ಉಳಿಯುವುದಿಲ್ಲ

‘ನಿಮ್ಮ ಫೈಲುಗಳೆಲ್ಲ ನೀವು ಇಟ್ಟಲ್ಲೇ ಇವೆ.’

2015ರಲ್ಲಿ ವಿಂಡೋಸ್ 10ಕ್ಕೆ ಅಪ್‌ಗ್ರೇಡ್ ಆಗುತ್ತಿದ್ದ ಕಂಪ್ಯೂಟರುಗಳ ಪರದೆಯ ಮೇಲೆ ಈ ಅರ್ಥದ ಇಂಗ್ಲಿಷ್ ಸಾಲೊಂದು ತೇಲಿಬರುತ್ತಿತ್ತು. ಯಾರೂ ಕೇಳಿರಲಿಲ್ಲ. ತಾನಾಗಿಯೇ ಹೇಳುತ್ತಿತ್ತು. ಮನೆಗೆ ಬಂದ ನೆಂಟ ಹೊರಡುವ ಹೊತ್ತಿಗೆ ‘ಬೀರುವಿನ ಒಡವೆ ಎಲ್ಲ ಇದ್ದಲ್ಲೇ ಇದೆ’ ಅಂದರೆ ನೀವೇನು ಮಾಡುತ್ತೀರಿ? ಅವನನ್ನು ಬೀಳ್ಕೊಡುವುದು ಬಿಟ್ಟು ಬೀರುವಿನ ಕಡೆ ಓಡುತ್ತೀರಿ.

ಓಡಬೇಕಾದ ದಿನವೂ ಬಂತು.

2018ರ ಅಕ್ಟೋಬರ್ 2. ನಮಗೆ ಗಾಂಧಿ ಜಯಂತಿ, ರಜೆ. ಮೈಕ್ರೋಸಾಫ್ಟಿಗೆ ವಿಂಡೋಸ್ 10ರ 1809 ಎಂಬ ಆವೃತ್ತಿಯ ಬಿಡುಗಡೆ. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ವಾಪಸ್ ಎಳೆದುಕೊಂಡಿತು. ಅಪ್‌ಗ್ರೇಡ್ ಮಾಡಿಕೊಂಡ ಕೆಲವರ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿದ್ದ ಫೈಲುಗಳೇ ಮಾಯ.

ಯಾರ ಫೈಲು ಹೋಯಿತು ಎಂಬುದು ಇನ್ನೂ ಸೊಗಸು. ಸಿ ಡ್ರೈವ್ ತುಂಬಿತೆಂದು ಡಾಕ್ಯುಮೆಂಟ್ಸ್ ಫೋಲ್ಡರಿನ ವಿಳಾಸವನ್ನು ಬೇರೆ ಕಡೆಗೆ ತಿರುಗಿಸಿಕೊಂಡ ಜಾಣರದ್ದು. ಅವರ ಹಳೆಯ ವಿಳಾಸದಲ್ಲಿ ಇನ್ನೂ ಕೆಲವು ಫೈಲು ಉಳಿದಿದ್ದವು. ಅಪ್‌ಗ್ರೇಡ್ ಬಂದು ನೋಡಿತು. ಒಂದೇ ಹೆಸರಿನ ಎರಡು ಫೋಲ್ಡರ್ ಯಾಕೆ ಅಂದುಕೊಂಡಿತು. ಹಳೆಯದನ್ನು ಗುಡಿಸಿ ಹಾಕಿತು. ಒಳಗೆ ಏನಿದೆ ಎಂದು ಇಣುಕುವ ಸೌಜನ್ಯವನ್ನೂ ತೋರಲಿಲ್ಲ.

ಕಂಪನಿ ಏನಂದಿತು? ಫೈಲು ಹೋಯಿತೆಂದು ದೂರಿದವರು ಶೇಕಡಾ 0.01 ಮಾತ್ರ. ಎಂಥ ಸಮಾಧಾನ! ಮಗಳ ಮೊದಲ ಹುಟ್ಟುಹಬ್ಬದ ಫೋಟೋ ಕಳೆದುಕೊಂಡವನಿಗೆ ದಶಾಂಶ ಬಿಂದು ಎಲ್ಲಿದೆ ಎಂದು ತೋರಿಸಿ ಕಳಿಸಿದರು.

ಇದಕ್ಕಿಂತ ಘೋರವಾದದ್ದು ಇನ್ನೊಂದಿದೆ. ಬಿಡುಗಡೆಗೆ ತಿಂಗಳುಗಳ ಮೊದಲೇ, ಪುಕ್ಕಟೆ ಪರೀಕ್ಷೆ ಮಾಡಿಕೊಡುವ ಬಳಕೆದಾರರು ‘ಫೈಲು ಅಳಿಸಿಹೋಗುತ್ತಿದೆ’ ಎಂದು ಕಂಪನಿಯದೇ ದೂರು ಪೆಟ್ಟಿಗೆಗೆ ಬರೆದು ಹಾಕಿದ್ದರು. ಆ ಪೆಟ್ಟಿಗೆಯಲ್ಲಿ ದೂರಿಗೆ ವೋಟು ಬೀಳಬೇಕು. ಹೆಚ್ಚು ವೋಟು ಬಿದ್ದದ್ದು ಮೇಲೇಳುತ್ತದೆ. ಇವಕ್ಕೆ ಬೀಳಲಿಲ್ಲ. ಡೇಟಾ ನಾಶ ಠೇವಣಿ ಕಳೆದುಕೊಂಡಿತು. ಎಲ್ಲ ಮುಗಿದ ಮೇಲೆ, ದೂರು ಎಷ್ಟು ಗಂಭೀರ ಎಂದು ನಮೂದಿಸಲು ಒಂದು ಖಾನೆ ಸೇರಿಸಿದರು. ನವೆಂಬರ್ 13ಕ್ಕೆ ಅದೇ ಆವೃತ್ತಿ ಮತ್ತೆ ಬಂತು. ತಲೆ ಬಾಚಿಕೊಂಡು.

ಹೋಗಲಿ. ಅದು ಅಪರೂಪದ ಅಪಘಾತ ಎಂದೇ ಒಪ್ಪೋಣ. ಅಪಘಾತದ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಎಲ್ಲ ಸರಿಯಾಗಿ ನಡೆದಾಗ ಏನಾಗುತ್ತದೋ ಅದರ ಮೇಲೆ ಇದೆ.

ಎಲ್ಲ ಸರಿಯಾಗಿ ನಡೆದರೆ ಪರದೆಯ ಮೇಲೆ ಮೂರು ಆಯ್ಕೆ ಬರುತ್ತವೆ. ಫೈಲು, ಆ್ಯಪ್ ಎರಡನ್ನೂ ಉಳಿಸು. ಫೈಲು ಮಾತ್ರ ಉಳಿಸು. ಏನೂ ಉಳಿಸಬೇಡ. ಮೂರನೆಯದು ಆಸೆಯನ್ನೇ ಹುಟ್ಟಿಸುವುದಿಲ್ಲ. ಅಷ್ಟರ ಮಟ್ಟಿಗೆ ಪ್ರಾಮಾಣಿಕ.

ಮೊದಲನೆಯದನ್ನು ಒತ್ತಲು ಹೋದರೆ ಕೆಲವು ಸಲ ಅದು ಬೂದು ಬಳಿದುಕೊಂಡು ಕೂತಿರುತ್ತದೆ. ಒತ್ತಲಾಗದು. ಕಾರಣ? ನಿಮ್ಮ ಯಂತ್ರದಲ್ಲಿರುವುದು ಬ್ರಿಟಿಷ್ ಇಂಗ್ಲಿಷಿನ ವಿಂಡೋಸ್, ನೀವು ಇಳಿಸಿಕೊಂಡದ್ದು ಅಮೆರಿಕನ್ ಇಂಗ್ಲಿಷಿನದು. ಅಥವಾ ಇರುವುದು ಪ್ರೊ, ತಂದದ್ದು ಹೋಮ್. ಎರಡು ಇಂಗ್ಲಿಷುಗಳ ಜಗಳದಲ್ಲಿ ನಿಮ್ಮ ಟ್ಯಾಲಿ, ನಿಮ್ಮ ಸ್ಕ್ಯಾನರಿನ ತಂತ್ರಾಂಶ, ನಿಮ್ಮ ನುಡಿ, ನಿಮ್ಮ ಬರಹ ಎಲ್ಲ ಬೀದಿಗೆ. ಆ ಎರಡರಲ್ಲಿ ಯಾವ ಇಂಗ್ಲಿಷಿನ ಮೇಲೂ ನಮಗೆ ಅಂಥ ಅಭಿಮಾನವಿಲ್ಲ. ಕನ್ನಡ ಟೈಪ್ ಮಾಡೋಣ ಎಂದು ಕಂಪ್ಯೂಟರ್ ತಂದವರು ನಾವು.

ಸರಿ, ಎರಡನೆಯ ಆಯ್ಕೆಗೆ ಬನ್ನಿ. ಫೈಲು ಮಾತ್ರ.

ಇಲ್ಲಿಂದ ಕನ್ನಡಿಗನ ಪಾಡು ಬೇರೆಯದೇ ಆಗುತ್ತದೆ. ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಹಳೆಯ ಪದ್ಧತಿಯಲ್ಲಿ ಬೆರಳಚ್ಚಾದ ಕಡತಗಳು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಅವುಗಳ ಒಳಗೆ ಕನ್ನಡ ಇಲ್ಲ. ಇರುವುದು ರೋಮನ್ ಅಕ್ಷರಗಳ, ಚಿಹ್ನೆಗಳ ಸಂಕೇತ. ಅದಕ್ಕೆ ಕನ್ನಡದ ವೇಷ ಕಟ್ಟುವುದು ಫಾಂಟ್. ‘ಫೈಲು ಮಾತ್ರ’ ಅಂದಿರೋ, ತಂತ್ರಾಂಶ ಹೋಯಿತು. ಅದರ ಬೆನ್ನಿಗೆ ಫಾಂಟೂ ಹೋಯಿತು. ಫೈಲು ತೆರೆದರೆ ಅಜ್ಜಿಯ ವೈಕುಂಠ ಸಮಾರಾಧನೆಯ ಪತ್ರಿಕೆ ಇದ್ದ ಜಾಗದಲ್ಲಿ ಪೌಂಡ್ ಚಿಹ್ನೆ, ಯೆನ್ ಚಿಹ್ನೆ, ತಲೆಯ ಮೇಲೆ ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳು. ಒಂದು ಬೈಟೂ ಕಳೆದಿಲ್ಲ. ಕಂಪನಿ ಕೊಟ್ಟ ಮಾತು ಉಳಿಸಿಕೊಂಡಿದೆ. ಓದಲು ಮಾತ್ರ ಆಗುವುದಿಲ್ಲ.

ಇದರಲ್ಲಿ ನಮ್ಮ ಪಾಲೂ ದೊಡ್ಡದಿದೆ. 1991ರಲ್ಲಿ ಯುನಿಕೋಡಿನ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಎಂಬ ಯುನಿಕೋಡ್ ಕನ್ನಡ ಫಾಂಟ್ ಬಂತು. ಆಮೇಲೂ ‘ಯುನಿಕೋಡಲ್ಲಿ ಒತ್ತಕ್ಷರ ಚೆನ್ನಾಗಿ ಕೂರಲ್ಲ ಸಾರ್’ ಎನ್ನುತ್ತ ಹಳೆಯ ಫಾಂಟನ್ನೇ ತಬ್ಬಿಕೊಂಡ ಡಿಟಿಪಿ ಅಂಗಡಿಗಳು, ಮುದ್ರಣಾಲಯಗಳು, ಕಚೇರಿಗಳು ಇಂದಿಗೂ ಇವೆ. ನವೆಂಬರ್ ಬಂದರೆ ‘ಕನ್ನಡ ಉಳಿಸಿ’ ಎಂದು ಬ್ಯಾನರ್. ಬ್ಯಾನರಿನ ಫೈಲಿನೊಳಗೆ ಕನ್ನಡದ ಒಂದಕ್ಷರ ಇಲ್ಲ.

ಇನ್ನು ಆ ತುಂಗಾ. ವಿಂಡೋಸ್ 10 ಬರುವ ಹೊತ್ತಿಗೆ ಅದನ್ನು ಐಚ್ಛಿಕ ಫಾಂಟುಗಳ ಪಟ್ಟಿಗೆ ತಳ್ಳಿದರು. ಬೇಕಿದ್ದವರು ಸೆಟ್ಟಿಂಗ್ಸಿನ ಒಳಗೆ, ಅದರ ಒಳಗೆ, ಇನ್ನೂ ಒಳಗೆ ಹೋಗಿ ಹುಡುಕಿ ಇಳಿಸಿಕೊಳ್ಳಿ. ಅದೇ ವಿಂಡೋಸ್ 10ರ ಜೊತೆ ಕ್ಯಾಂಡಿ ಕ್ರಶ್ ಆಟ ಮಾತ್ರ ಯಾರೂ ಕೇಳದೆ ಬಂದು ಕೂತಿತು. ತುಂಗೆ ಐಚ್ಛಿಕ. ಮಿಠಾಯಿ ಪುಕ್ಕಟೆ.

ಈಗ ಸೆಟ್ಟಿಂಗುಗಳ ವಿಷಯಕ್ಕೆ ಬರೋಣ. ವ್ಯಕ್ತಿಯೊಬ್ಬ ವರ್ಷಗಟ್ಟಲೆ ಒಂದು ಯಂತ್ರದ ಮುಂದೆ ಕೂತು ‘ಇದು ಬೇಕು, ಅದು ಬೇಡ’ ಎಂದು ಹೇಳಿದ್ದರ ದಾಖಲೆ ಅದು. ಅಪ್‌ಗ್ರೇಡ್ ಅದನ್ನು ಉಳಿಸುತ್ತದಂತೆ. ಹೌದು, ಉಳಿಸುತ್ತದೆ. ಅರ್ಧ. ವಾಲ್‌ಪೇಪರ್ ಉಳಿಯುತ್ತದೆ. ತಿಮ್ಮಪ್ಪನೋ ಮೊಮ್ಮಗನೋ, ಹಾಗೆಯೇ ನಗುತ್ತಿರುತ್ತಾರೆ. ಬೇಡ ಅಂದದ್ದು ಮಾತ್ರ ಅದಕ್ಕೆ ನೆನಪಿರುವುದಿಲ್ಲ.

ಸಾಕ್ಷಿ ಬೇಕೇ? 2015ರ ಜುಲೈ 29ಕ್ಕೆ ವಿಂಡೋಸ್ 10 ಬಂತು. ಮಾರನೆಯ ದಿನವೇ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಆಗಿನ ಮುಖ್ಯಸ್ಥ ಕ್ರಿಸ್ ಬಿಯರ್ಡ್ ಅವರು ಮೈಕ್ರೋಸಾಫ್ಟಿನ ಮುಖ್ಯಸ್ಥ ಸತ್ಯ ನಾದೆಲ್ಲಾ ಅವರಿಗೆ ಬಹಿರಂಗ ಪತ್ರ ಬರೆದರು. ಜನ ತಾವೇ ಆರಿಸಿಕೊಂಡ ಬ್ರೌಸರನ್ನು ಅಪ್‌ಗ್ರೇಡ್ ನೆಪದಲ್ಲಿ ಕಿತ್ತು ಹಾಕಿ, ನಿಮ್ಮ ಎಡ್ಜ್ ಕೂರಿಸುತ್ತಿದ್ದೀರಿ ಎಂಬುದು ಅದರ ತಿರುಳು. ನಾದೆಲ್ಲಾ ನಮ್ಮ ಮಣಿಪಾಲದಲ್ಲಿ ಓದಿದವರು ಎಂದು ನಾವು ಹೆಮ್ಮೆಪಡುತ್ತಿದ್ದ ಕಾಲ ಅದು. ಹೆಮ್ಮೆಪಡುತ್ತಲೇ ಇದ್ದೆವು. ಎಡ್ಜ್ ಕೂತೇ ಇತ್ತು.

2016ರಲ್ಲಿ ಇದಕ್ಕೂ ಮೇಲೆ ಹೋದರು. ವಿಂಡೋಸ್ 10ರ ಪುಕ್ಕಟೆ ಅಪ್‌ಗ್ರೇಡಿನ ಆಹ್ವಾನ ಪೆಟ್ಟಿಗೆ ಪರದೆಯ ಮೂಲೆಯಿಂದ ಪದೇ ಪದೇ ಏಳುತ್ತಿತ್ತು. ಮೂಲೆಯ ಕೆಂಪು ಇಂಟು ಗುರುತು ಒತ್ತಿದರೆ ಕಿಟಕಿ ಮುಚ್ಚುತ್ತದೆ, ಮಾತು ಮುಗಿಯುತ್ತದೆ ಎಂದು ಇಪ್ಪತ್ತು ವರ್ಷದಿಂದ ಇದೇ ಕಂಪನಿ ನಮಗೆ ಕಲಿಸಿತ್ತು. ಆ ವರ್ಷ ಇಂಟು ಒತ್ತಿದರೆ ಪೆಟ್ಟಿಗೆ ಮುಚ್ಚಿತು. ಒಳಗೆ ನಿಗದಿಯಾಗಿದ್ದ ಅಪ್‌ಗ್ರೇಡ್ ಹಾಗೇ ಉಳಿಯಿತು. ಅಂದರೆ ಬೇಡ ಅಂದರೆ ಆಗಲಿ ಎಂದರ್ಥ. ಜನ ಚಹಾ ಕುಡಿದು ಬರುವಷ್ಟರಲ್ಲಿ ಕಂಪ್ಯೂಟರಿಗೆ ಹೊಸ ಜನ್ಮ. ಅದೇ ಡಿಸೆಂಬರಿನಲ್ಲಿ ಕಂಪನಿಯ ಮಾರುಕಟ್ಟೆ ಮುಖ್ಯಸ್ಥ ಕ್ರಿಸ್ ಕಪೊಸೆಲಾ ಅವರೇ ಆ ಇಂಟು ಪ್ರಕರಣದಲ್ಲಿ ನಾವು ಗೆರೆ ದಾಟಿದೆವು ಎಂದು ಒಪ್ಪಿಕೊಂಡರು. ಒಪ್ಪಿಕೊಳ್ಳುವ ಹೊತ್ತಿಗೆ ಪುಕ್ಕಟೆ ಅಪ್‌ಗ್ರೇಡಿನ ಗಡುವು ಮುಗಿದಿತ್ತು. ಬೇಟೆ ಮುಗಿದ ಮೇಲಿನ ಪಶ್ಚಾತ್ತಾಪಕ್ಕೆ ಖರ್ಚಿಲ್ಲ.

ಕ್ಯಾಲಿಫೋರ್ನಿಯಾದ ಒಬ್ಬ ಮಹಿಳೆ ಸುಮ್ಮನಿರಲಿಲ್ಲ. ನಾನು ಅನುಮತಿಯನ್ನೇ ಕೊಟ್ಟಿಲ್ಲ, ಕಂಪ್ಯೂಟರ್ ಕುಂಟುತ್ತಿದೆ, ಕೆಲಸ ಕೆಟ್ಟಿದೆ ಎಂದು ಸಣ್ಣ ವ್ಯಾಜ್ಯಗಳ ಕೋರ್ಟಿಗೆ ಹೋದರು. 10,000 ಡಾಲರ್ ಗೆದ್ದರು. ಕಂಪನಿ ತಪ್ಪು ಒಪ್ಪಲಿಲ್ಲ, ಮೇಲ್ಮನವಿಯನ್ನೂ ಕೈಬಿಟ್ಟಿತು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಎರಡು ಸಲ ರೀಸ್ಟಾರ್ಟ್ ಮಾಡುತ್ತಿದ್ದೆವು.

ಈಚಿನ ವರ್ಷಗಳಲ್ಲಿ ಇಂಟು ಗುರುತಿನ ಗೊಡವೆಯೇ ಇಲ್ಲ. ಅಪ್‌ಗ್ರೇಡ್ ಆದ ಮೇಲೆ ‘ನಿಮ್ಮ ಕಂಪ್ಯೂಟರ್ ಸಿದ್ಧಪಡಿಸುವುದನ್ನು ಮುಗಿಸೋಣ’ ಎಂದು ಪರದೆ ತುಂಬ ಬರುತ್ತದೆ. ಮುಗಿದಿತ್ತಲ್ಲ ಮಾರಾಯ? ಹತ್ತು ವರ್ಷದಿಂದ ಬಳಸುತ್ತಿದ್ದೇನಲ್ಲ? ಅದಕ್ಕೆ ಕೇಳಿಸುವುದಿಲ್ಲ. ಕೆಳಗೆ ಎರಡು ಗುಂಡಿ. ಮುಂದುವರಿಸು. ಮೂರು ದಿನ ಬಿಟ್ಟು ನೆನಪಿಸು. ‘ಬೇಡ’ ಎಂಬ ಗುಂಡಿ ಮಾಡಲು ಅಷ್ಟು ದೊಡ್ಡ ಕಂಪನಿಯಲ್ಲಿ ಒಬ್ಬ ಎಂಜಿನಿಯರನೂ ಸಿಕ್ಕಿಲ್ಲ.

ವಿಂಡೋಸ್ 95ರ ಕಾಲದಿಂದ ಟಾಸ್ಕ್‌ಬಾರನ್ನು ಪರದೆಯ ಮೇಲಕ್ಕೋ ಪಕ್ಕಕ್ಕೋ ಎಳೆದು ಇಟ್ಟುಕೊಳ್ಳಬಹುದಿತ್ತು. 2021ರ ಅಕ್ಟೋಬರ್ 5ಕ್ಕೆ ವಿಂಡೋಸ್ 11 ಬಂದಾಗ ಅದು ಕೆಳಗೆ ಮೊಳೆ ಹೊಡೆದು ನಿಂತಿತು. ಸ್ಟಾರ್ಟ್ ಗುಂಡಿ ಎಡದಿಂದ ನಡುವಿಗೆ ಸರಿಯಿತು. ಹವಾಮಾನ, ಸುದ್ದಿ, ಚಾಟ್ ಎಂದು ಒಂದೊಂದೇ ಗುಂಡಿ ಪಕ್ಕದಲ್ಲಿ ಹಾಸಿಗೆ ಬಿಚ್ಚಿದವು. ಇದಕ್ಕೂ ಅವರು ಸೆಟ್ಟಿಂಗುಗಳನ್ನು ಉಳಿಸಿದ್ದೇವೆ ಎನ್ನುತ್ತಾರೆ.

ಇದೆಲ್ಲದರ ಮೇಲೆ ಒನ್‌ಡ್ರೈವ್. ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲವನ್ನೂ ಮೋಡಕ್ಕೆ ಏರಿಸಿ ಕಾಪಾಡುತ್ತದೆ. 2024ರ ಹೊತ್ತಿಗೆ, ಹೊಸದಾಗಿ ವಿಂಡೋಸ್ 11 ಹಾಕಿಕೊಂಡವರಲ್ಲಿ ಎಷ್ಟೋ ಮಂದಿಗೆ ಇದು ಕೇಳದೆಯೇ ಚಾಲೂ ಆಗಿತ್ತು. ಪುಕ್ಕಟೆ ಜಾಗ 5 ಜಿಬಿ. ಒಂದು ಮದುವೆಯ ಫೋಟೋಗಳಿಗೇ ಸಾಲದು. ಜಾಗ ತುಂಬುತ್ತದೆ, ದುಡ್ಡು ಕಟ್ಟಿ ಎಂದು ಪತ್ರ ಬರುತ್ತದೆ. ಸಿಟ್ಟಾಗಿ ಅದನ್ನು ನಿಲ್ಲಿಸಿದರೆ ಡೆಸ್ಕ್‌ಟಾಪ್ ಬಟಾಬಯಲು. ಫೈಲೆಲ್ಲ ಒನ್‌ಡ್ರೈವ್ ಫೋಲ್ಡರಿನಲ್ಲೇ ಉಳಿದಿರುತ್ತವೆ. ಖಾಲಿ ಡೆಸ್ಕ್‌ಟಾಪಿನ ಮೇಲೆ ಕಂಪನಿ ಒಂದು ಚಿಕ್ಕ ಗುರುತು ಬಿಟ್ಟು ಹೋಗುತ್ತದೆ. ಅದರ ಹೆಸರು, ಇಂಗ್ಲಿಷಿನಲ್ಲಿ, ‘ನನ್ನ ಫೈಲುಗಳೆಲ್ಲಿ’. ಇದು ವ್ಯಂಗ್ಯಕ್ಕಾಗಿ ನಾನು ಕಟ್ಟಿದ್ದಲ್ಲ. ನಿಜವಾಗಿಯೂ ಅದೇ ಹೆಸರು.

ಇಷ್ಟೂ ಅಪ್‌ಗ್ರೇಡ್ ಆಗುವ ಭಾಗ್ಯವಂತರ ಕಥೆ. ಆಗದವರದ್ದು ಬೇರೆ.

2015ರ ಮೇ ತಿಂಗಳಲ್ಲಿ ಶಿಕಾಗೋದ ಸಮ್ಮೇಳನದಲ್ಲಿ ಕಂಪನಿಯ ಉದ್ಯೋಗಿಯೊಬ್ಬರು ವಿಂಡೋಸ್ 10ನ್ನು ವಿಂಡೋಸಿನ ಕೊನೆಯ ಆವೃತ್ತಿ ಎಂದು ಕರೆದರು. ಜಗತ್ತೆಲ್ಲ ಬರೆಯಿತು. ಕಂಪನಿ ಅಲ್ಲಗಳೆಯಲಿಲ್ಲ. ಆರು ವರ್ಷಕ್ಕೆ 11 ಬಂತು. ಕೊನೆಯದರ ನಂತರದ್ದು. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅದಕ್ಕೂ ಮೇಲಿನ ಪ್ರೊಸೆಸರ್ ಬೇಕು. ಗಟ್ಟಿಮುಟ್ಟಾಗಿ ಓಡುತ್ತಿರುವ ಯಂತ್ರ, ಏಳನೆಯ ಪೀಳಿಗೆಯದೇ? ಬಾಗಿಲಲ್ಲೇ ನಿಲ್ಲಿ.

ಭದ್ರತೆಗಾಗಿ ಎಂದರು. ಒಪ್ಪೋಣವೇ? 2021ರಲ್ಲಿ ಇದೇ ಕಂಪನಿ, ಅರ್ಹತೆಯಿಲ್ಲದ ಯಂತ್ರಕ್ಕೂ ವಿಂಡೋಸ್ 11 ಹಾಕಿಕೊಳ್ಳಲು ರಿಜಿಸ್ಟ್ರಿಯಲ್ಲಿ ಏನು ತಿದ್ದಬೇಕು ಎಂದು ತನ್ನದೇ ಸಹಾಯ ಪುಟದಲ್ಲಿ ಬರೆದಿತ್ತು. ಆಮೇಲೆ ಸದ್ದಿಲ್ಲದೆ ಅಳಿಸಿತು. ಗೋಡೆ ಕಟ್ಟಿದವರೇ ಕಿಂಡಿ ತೋರಿಸಿದರು, ಅವರೇ ಕಿಂಡಿ ಮುಚ್ಚಿದರು.

ಮಾರುಕಟ್ಟೆ ಸಂಶೋಧನೆ ಮಾಡುವ ಕ್ಯಾನಲಿಸ್ ಸಂಸ್ಥೆ 2023ರ ಕೊನೆಯಲ್ಲಿ ಅಂದಾಜು ಮಾಡಿತು. ವಿಂಡೋಸ್ 10ರ ಬೆಂಬಲ ನಿಂತರೆ 24 ಕೋಟಿ ಕಂಪ್ಯೂಟರುಗಳು ಗುಜರಿ ಸೇರಬಹುದು. 2020ರಲ್ಲಿ ಮೈಕ್ರೋಸಾಫ್ಟ್ ಒಂದು ಪ್ರತಿಜ್ಞೆ ಮಾಡಿತ್ತು. 2030ಕ್ಕೆ ನಮ್ಮ ಕಂಪನಿಯಿಂದ ಶೂನ್ಯ ತ್ಯಾಜ್ಯ. ಲೆಕ್ಕ ಸರಿಯಾಗಿಯೇ ಇದೆ. ಕಸ ಅವರ ಅಂಗಳದಲ್ಲಿ ಬೀಳುವುದಿಲ್ಲ. ನಮ್ಮ ಅಂಗಳದಲ್ಲಿ ಬೀಳುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟರು. ಅಳುವವರಿಗೆ ಒಂದು ವರ್ಷದ ಕರುಣೆ. 2026ರ ಅಕ್ಟೋಬರ್ 13ರವರೆಗೆ ಭದ್ರತಾ ತೇಪೆ ಬೇಕಾದರೆ 30 ಡಾಲರ್ ಕಟ್ಟಿ. ಇಲ್ಲವೇ ಅವರ ಸೇವೆಗಳನ್ನು ಬಳಸಿ ಗಳಿಸುವ ಬಹುಮಾನದ 1,000 ಅಂಕ ಕೊಡಿ. ಅದೂ ಇಲ್ಲವೇ ನಿಮ್ಮ ಸೆಟ್ಟಿಂಗುಗಳನ್ನು ನಮ್ಮ ಮೋಡಕ್ಕೆ ಬ್ಯಾಕಪ್ ಮಾಡಿ, ಪುಕ್ಕಟೆ ಕೊಡುತ್ತೇವೆ. ಅಪ್‌ಗ್ರೇಡಿನಲ್ಲಿ ಉಳಿಸಿಕೊಳ್ಳಲು ಪುರುಸೊತ್ತಿಲ್ಲದ ನನ್ನ ಸೆಟ್ಟಿಂಗುಗಳಿಗೆ 30 ಡಾಲರ್ ಬೆಲೆ ಇದೆ ಎಂದು ನನಗೆ ತಿಳಿದದ್ದೇ ಆಗ.

ಯುರೋಪಿನ ಗ್ರಾಹಕ ಸಂಘಟನೆಗಳು ಈ ಷರತ್ತಿಗೆ ತಕರಾರು ತೆಗೆದವು. ಕಂಪನಿ ತಕ್ಷಣ ವಿನಯವಂತವಾಯಿತು. ಯುರೋಪಿನ ಆರ್ಥಿಕ ವಲಯದವರಿಗೆ ಬ್ಯಾಕಪ್ ಷರತ್ತಿಲ್ಲ, ಖಾತೆಯಿಂದ ಲಾಗಿನ್ ಆದರೆ ಸಾಕು, ಪುಕ್ಕಟೆ. ನಮಗೆ? ಷರತ್ತು ಅನ್ವಯ. ಅವರ ‘ಬೇಡ’ದ ಬೆನ್ನಿಗೆ ಕಾನೂನಿದೆ. ನಮ್ಮ ಸಂಸತ್ತೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಪಾಸು ಮಾಡಿದೆ. ಒಪ್ಪಿಗೆ ಕೊಡುವಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು ಎಂದು ಅದರಲ್ಲಿ ಬರೆದಿದೆ. ಅದರ ನಿಯಮ ಹೊರಬರಲು 2025ರ ನವೆಂಬರ್ ಆಯಿತು. ಅವಸರವೇನಿತ್ತು?

ನಮ್ಮವರ ಬಗ್ಗೆಯೂ ಒಂದು ಮಾತು. ಮೊಬೈಲಿನ ಗಾಜಿಗೆ ಗಾಜು, ಅದರ ಮೇಲೆ ಕವರ್, ಕವರಿಗೆ ದಾರ. ಇಪ್ಪತ್ತು ವರ್ಷದ ಫೋಟೋ, ಜಮೀನಿನ ದಾಖಲೆ, ಮಕ್ಕಳ ಅಂಕಪಟ್ಟಿ ಇರುವ ಡಿಸ್ಕಿಗೆ ಏನೂ ಇಲ್ಲ. ಎಲ್ಲ ಡೆಸ್ಕ್‌ಟಾಪಿನ ಮೇಲೆ, ‘ನ್ಯೂ ಫೋಲ್ಡರ್ (4)’ರ ಒಳಗೆ. ರಿಪೇರಿ ಅಂಗಡಿಯ ಹುಡುಗ ಕೇಳುತ್ತಾನೆ: ‘ಸಿ ಫಾರ್ಮ್ಯಾಟ್ ಮಾಡ್ಲಾ ಸಾರ್? ಡೇಟಾ ಎಲ್ಲ ಡೀಲಿ ಇದೆ ತಾನೇ?’ ಇದೆ ಎಂದು ತಲೆ ಆಡಿಸುತ್ತಾರೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ ಎಂದು ತಿಳಿಯುವುದು ಸಂಜೆ. ಇನ್ನೂ ಕೆಲವು ಮಹಾನುಭಾವರು ಸಿಯಿಂದ ಡಿಗೆ ನಕಲು ಮಾಡಿ ಅದನ್ನು ಬ್ಯಾಕಪ್ ಎನ್ನುತ್ತಾರೆ. ಎರಡೂ ಒಂದೇ ಡಿಸ್ಕಿನ ಎರಡು ಕೋಣೆ. ಡಿಸ್ಕ್ ಸತ್ತರೆ ಇಬ್ಬರಿಗೂ ಒಂದೇ ತಿಥಿ.

ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಬಳಕೆದಾರನ ಫೈಲು, ಸೆಟ್ಟಿಂಗು ಎರಡನ್ನೂ ಬೇರೆಯೇ ವಿಭಾಗದಲ್ಲಿಟ್ಟು, ವ್ಯವಸ್ಥೆಯನ್ನಷ್ಟೇ ಅಳಿಸಿ ಹೊಸದು ಹಾಕಬಹುದು. ಹಳೆಯ ಪದ್ಧತಿ. ಹೇಳಿ ನೋಡಿ. ‘ಅದರಲ್ಲಿ ಟ್ಯಾಲಿ ಓಡಲ್ಲ’ ಎಂಬ ಉತ್ತರ ಬರುತ್ತದೆ. ಚರ್ಚೆ ಮುಗಿಯಿತು.

ಅಪ್‌ಗ್ರೇಡ್ ಕೆಟ್ಟರೆ ಹಿಂದಕ್ಕೆ ಹೋಗಬಹುದಲ್ಲ ಎಂದು ಯಾರಾದರೂ ಜಾಣರು ಕೇಳಬಹುದು. ಹೋಗಬಹುದು. ಹಳೆಯ ವ್ಯವಸ್ಥೆಯನ್ನು ವಿಂಡೋಸ್ ಓಲ್ಡ್ ಎಂಬ ಫೋಲ್ಡರಿನಲ್ಲಿ ಇಟ್ಟಿರುತ್ತಾರೆ. ಮೊದಲು 30 ದಿನ ಇಡುತ್ತಿದ್ದರು. 2016ರಿಂದ 10 ದಿನ. ಹನ್ನೊಂದನೆಯ ದಿನ ಮನಸ್ಸು ಬದಲಾದರೆ ಅದು ನಿಮ್ಮ ಕರ್ಮ.

ಇನ್ನು ಪರವಾನಗಿ ಕರಾರು. ನಾವೆಲ್ಲ ಓದದೆ ‘ಒಪ್ಪಿದ್ದೇನೆ’ ಎಂದು ಒತ್ತುವ ಆ ಉದ್ದನೆಯ ಪತ್ರ. ವಿಂಡೋಸ್ 10ರ ಕರಾರಿನಲ್ಲಿ ನಷ್ಟ ಪರಿಹಾರದ ಒಂದು ಸಾಲಿದೆ. ನೀವು ತಂತ್ರಾಂಶಕ್ಕೆ ಕೊಟ್ಟ ಹಣದಷ್ಟು ಮಾತ್ರ ಕೇಳಬಹುದು. ಪುಕ್ಕಟೆ ಪಡೆದಿದ್ದರೆ ಗರಿಷ್ಠ 50 ಡಾಲರ್.

ಆದ್ದರಿಂದ ‘ಮುಂದೆ’ ಒತ್ತುವ ಮೊದಲು ಒಂದು ಹೊರಗಿನ ಡಿಸ್ಕ್ ತನ್ನಿ. ಫೈಲು ನಕಲು ಮಾಡಿ, ಹಳೆಯ ಕನ್ನಡ ಫಾಂಟುಗಳನ್ನೂ ಸೇರಿಸಿ. ನಕಲು ಮಾಡಿದ್ದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ಓದಿ ನೋಡಿ. ಸೆಟ್ಟಿಂಗುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಬೇಡ ಅಂದದ್ದನ್ನು ಮೊದಲು ಬರೆಯಿರಿ.